ಸೂಜಿ ಎಲ್ಲರ ಕೈಗೂ ಬರಲಿ

ವರ್ಷಕ್ಕೊಮ್ಮೆಯಾದರೂ ನಮ್ಮ ಊರುಗಳಲ್ಲಿ ಒಂದು ಸಮಾರಂಭ ನಡೆಯುತ್ತದೆ. ಶಾದಿಮಹಲಿನ ಮುಂದೆ ಶಾಮಿಯಾನ, ಒಳಗೆ ಸಾಲಾಗಿ ನಿಲ್ಲಿಸಿದ ಹೊಲಿಗೆ ಯಂತ್ರಗಳು, ಒಂದೊಂದಕ್ಕೂ ಒಂದು ರಿಬ್ಬನ್ನು. ಹೆಸರು ಕರೆದಾಗ ಒಬ್ಬೊಬ್ಬ ಹೆಣ್ಣುಮಗಳು ಎದ್ದು ಬರುತ್ತಾಳೆ. ಅತಿಥಿಗಳು ಯಂತ್ರದ ಮೇಲೆ ಕೈಯಿಡುತ್ತಾರೆ, ಅವಳೂ ಇಡುತ್ತಾಳೆ, ಫೋಟೋ ತೆಗೆಯಲಾಗುತ್ತದೆ. ಭಾಷಣದಲ್ಲಿ ‘ಸ್ವಾವಲಂಬನೆ’ ಎಂಬ ಪದ ಹತ್ತು ಬಾರಿ ಬರುತ್ತದೆ. ‘ನಮ್ಮ ತಾಯಂದಿರು ಹೊಲಿದು ನಮ್ಮನ್ನು ಬೆಳೆಸಿದರು’ ಎಂದು ಗದ್ಗದಿತರಾಗುವವರೂ ಇರುತ್ತಾರೆ. ವೇದಿಕೆಯ ಮೇಲೆ ಕುಳಿತ ಹತ್ತು ಹನ್ನೆರಡು ಮಂದಿ ಗಂಡಸರಲ್ಲಿ ಒಬ್ಬರಿಗಾದರೂ ತಮ್ಮ ಅಂಗಿಯ ಬಿದ್ದುಹೋದ ಗುಂಡಿಯನ್ನು ತಾವೇ ಹಾಕಿಕೊಳ್ಳಲು ಬರುತ್ತದೆಯೇ ಎಂಬ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ.

ಈ ಪ್ರಶ್ನೆಯನ್ನು ನಾವು ಕೇಳಬೇಕೆಂದಿದ್ದೇವೆ. ಕೇಳುವ ಮೊದಲು ಒಂದು ಮಾತು ಸ್ಪಷ್ಟವಾಗಲಿ. ನಮಗೆ ಹೊಲಿಗೆಯ ಮೇಲೆ ಯಾವ ದ್ವೇಷವೂ ಇಲ್ಲ. ಹೊಲಿಗೆಯನ್ನು ಅಡುಗೆಮನೆಯ ಹಾಗೆ ಹೆಣ್ಣಿನ ಬಂಧನವೆಂದು ಒಂದೇ ಏಟಿಗೆ ತಳ್ಳಿಹಾಕುವವರ ಜೊತೆಯಲ್ಲಿ ನಾವಿಲ್ಲ. ಅದನ್ನು ಹೆಣ್ಣಿನ ಹುಟ್ಟುಗುಣವೆಂದು ಹೊಗಳಿ ಮೂಲೆಗೆ ಕೂರಿಸುವವರ ಜೊತೆಯಲ್ಲೂ ಇಲ್ಲ. ಈ ಇಬ್ಬರೂ ಹೊಲಿಗೆಯ ನಿಜವಾದ ಸುಖವನ್ನು ಕಂಡವರಲ್ಲ ಎಂಬುದೇ ನಮ್ಮ ತಕರಾರು.

ಆ ಸುಖ ಎಂಥದ್ದು? ಪ್ರೀತಿಸುವವರಿಗಾಗಿ ಹೊಲಿಯುವುದೆಂದರೆ ಅವರ ಮೈಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದು. ಅಬ್ಬಾರ ಬಲಭುಜ ಎಡಭುಜಕ್ಕಿಂತ ಒಂದು ಬೆರಳು ಕೆಳಗೆ ಇಳಿದಿತ್ತು. ಸಿದ್ಧ ಉಡುಪಿನ ಅಂಗಡಿಗೆ ಇದು ಗೊತ್ತಿಲ್ಲ, ನಮ್ಮ ಅಮ್ಮಿಗೆ ಗೊತ್ತಿತ್ತು. ಕನ್ನಡಕದ ಡಬ್ಬಿ ಇಡುವವರಿಗೆ ಕುರ್ತಾದ ಜೇಬು ಆಳವಿರಬೇಕು. ಹಸುಗೂಸಿನ ಜುಬ್ಬಲಕ್ಕೆ ಹೊಲಿಗೆಯ ಅಂಚು ಹೊರಗೆ ಬರಬೇಕು, ಒಳಗಿದ್ದರೆ ಮೈಗೆ ಉಜ್ಜುತ್ತದೆ. ಅದೂ ಹೊಸ ಬಟ್ಟೆಯಲ್ಲ. ಹತ್ತು ವರ್ಷ ಒಗೆದು ಒಗೆದು ಬೆಣ್ಣೆಯಂತಾದ ಅಜ್ಜಿಯ ಹತ್ತಿ ಸೀರೆ. ಬೆಳೆಯುವ ಹುಡುಗಿಯ ಲಂಗದ ಕೆಳಗೆ ಮೂರು ಬೆರಳಿನಷ್ಟು ಬಟ್ಟೆ ಒಳಮಡಚಿ ತುರಪಾಯಿ ಹಾಕುತ್ತಿದ್ದರು. ವರ್ಷಕ್ಕೊಂದು ಮಡಿಕೆ ಬಿಚ್ಚಿದಂತೆ ಲಂಗ ಕೆಳಗಿಳಿಯುತ್ತಿತ್ತು. ಬಿಚ್ಚಿದ ಕಡೆ ಮಾಸದ ಬಣ್ಣದ ಒಂದು ಗೆರೆ ಉಳಿಯುತ್ತಿತ್ತು. ಆ ಗೆರೆಗಳನ್ನು ಎಣಿಸಿದರೆ ಮಗು ಎಷ್ಟು ಬೆಳೆದಿದೆ ಎಂಬುದು ತಿಳಿಯುತ್ತಿತ್ತು. ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಎತ್ತರ ಗುರುತು ಮಾಡುವ ಪದ್ಧತಿ ನಮ್ಮ ಬಾಡಿಗೆಮನೆಗಳಲ್ಲಿ ಇರಲಿಲ್ಲ. ನಮ್ಮ ಎತ್ತರ ನಮ್ಮ ಬಟ್ಟೆಗಳಲ್ಲೇ ಇತ್ತು.

ದುರಸ್ತಿಯ ಸುಖ ಇನ್ನೂ ದೊಡ್ಡದು. ಹೊಸ ಬಟ್ಟೆ ಹೊಲಿಯುವವರಿಗೆ ಬಟ್ಟೆ ಮಾತ್ರ ಗೊತ್ತಿದ್ದರೆ ಸಾಕು. ಹರಿದದ್ದನ್ನು ಹೊಲಿಯುವವರಿಗೆ ಅದು ಯಾಕೆ ಹರಿಯಿತು ಎಂಬುದೂ ಗೊತ್ತಿರಬೇಕು. ಮಗ ಮರ ಹತ್ತಿದನೋ, ಸೈಕಲ್ಲಿನ ಚೈನಿಗೆ ಸಿಕ್ಕಿಸಿಕೊಂಡನೋ, ನಮಾಜಿಗೆ ಊರಿ ಊರಿ ಮಂಡಿಯ ಹತ್ತಿರ ಸವೆಯಿತೋ ಎಂದು ಬಟ್ಟೆಯನ್ನು ಓದಬೇಕು. ಒಳ್ಳೆಯ ರಫೂಗಾರ ಅಂಗಡಿಯಿಂದ ದಾರ ತರುವುದಿಲ್ಲ. ಅದೇ ಬಟ್ಟೆಯ ಒಳಗಿನ ಹೊಲಿಗೆಯಂಚಿನಿಂದ ಒಂದೊಂದೇ ಎಳೆ ಬಿಡಿಸಿ, ಅದರಿಂದಲೇ ಹಾಸು ಹೊಕ್ಕು ಹೆಣೆದು ರಂಧ್ರವನ್ನು ಮುಚ್ಚುತ್ತಾನೆ. ಸವೆದ ಕಾಲರನ್ನು ಬಿಚ್ಚಿ ತಿರುಗಿಸಿ ಹಾಕಿದರೆ ಅಂಗಿಗೆ ಮತ್ತೆ ಎರಡು ವರ್ಷ ಆಯುಸ್ಸು. ನಡುವೆ ತೆಳುವಾದ ಹಾಸುಬಟ್ಟೆಯನ್ನು ಉದ್ದಕ್ಕೆ ಸೀಳಿ, ಗಟ್ಟಿಯಾದ ಎರಡು ಅಂಚುಗಳನ್ನು ನಡುವಿಗೆ ತಂದು ಸೇರಿಸಿದರೆ ಅದು ಇನ್ನೊಂದು ಮಳೆಗಾಲ ದಾಟುತ್ತದೆ. ಹೀಗೆ ದಾಟಿಸಿದವರಿಗೆ ಆಗುವ ಹಿಗ್ಗು ಬಡತನದ ಹಿಗ್ಗಲ್ಲ. ಅದು ಕೈಯ ಬಲ್ಮೆಯ ಹಿಗ್ಗು.

ಇನ್ನು ಕೌದಿ. ನಮ್ಮ ದಾದಿಯ ಕೌದಿಯಲ್ಲಿ ಬಟ್ಟೆಯ ತುಂಡುಗಳಿರಲಿಲ್ಲ, ಮನುಷ್ಯರಿದ್ದರು. ‘ಇದು ನಿನ್ನ ಚಾಚಾನ ಲುಂಗಿ, ಇದು ನಿನ್ನ ಅಮ್ಮಿ ವಲೀಮಾದ ದಿನ ಉಟ್ಟ ಸೀರೆ, ಇದು ತೀರಿಹೋದ ಆ ಮಗುವಿನ ಫ್ರಾಕು’ ಎಂದು ಬೆರಳಿಟ್ಟು ತೋರಿಸುತ್ತಿದ್ದರು. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆಯ ಸಿದ್ದಿ ಹೆಂಗಸರು ಹೊಲಿಯುವ ಕೌದಿಗಳನ್ನು ನೋಡಿದವರಿಗೆ ಗೊತ್ತು. ಅವರು ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೂ ಮಡಚಿದ ತ್ರಿಕೋನದ ತುಂಡುಗಳನ್ನು ಹೂವೆಂದು ಕೂರಿಸುತ್ತಾರೆ. ಹೂವಿಲ್ಲದ ಕೌದಿ ಅವರ ಕಣ್ಣಿಗೆ ಬೆತ್ತಲೆ. ಮುಸ್ಲಿಂ ಸಿದ್ದಿಯರು, ಕ್ರೈಸ್ತ ಸಿದ್ದಿಯರು, ಹಿಂದೂ ಸಿದ್ದಿಯರು ಎಲ್ಲರೂ ಒಂದೇ ಓಟದ ಹೊಲಿಗೆಯನ್ನು ಹಾಕುತ್ತಾರೆ. ಹರಿದದ್ದನ್ನು ಸೇರಿಸುವ ವಿದ್ಯೆಗೆ ಈ ನಾಡಿನಲ್ಲಿ ಜಾತಿ ಧರ್ಮಗಳ ಹಂಗಿಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬ ವಚನಕಾರರಿದ್ದರು. ಸಂತ ನಾಮದೇವರು ಸಿಂಪಿಗರ ಮನೆಯವರು. ಸೂಫಿಗಳು ತೇಪೆ ಹಾಕಿದ ಖಿರ್ಕಾವನ್ನೇ ತಮ್ಮ ದಾರಿಯ ಗುರುತಾಗಿ ತೊಟ್ಟರು.

ಇಷ್ಟಾದರೂ ನಮ್ಮ ಭಾಷೆಯಲ್ಲಿ ‘ತೇಪೆ ಹಚ್ಚುವ ಕೆಲಸ’ ಎಂಬುದು ಬೈಗುಳವಾಗಿ ಉಳಿದಿದೆ. ಸರ್ಕಾರ ಸರಿಯಾದ ಪರಿಹಾರ ಕೊಡದಿದ್ದರೆ ‘ಬರೀ ತೇಪೆ ಹಚ್ಚಿದೆ’ ಎಂದು ಪತ್ರಿಕೆಗಳು ಬರೆಯುತ್ತವೆ. ಈ ಮಾತನ್ನು ಮೊದಲು ಆಡಿದವರು ತೇಪೆ ಹಚ್ಚಿದವರಾಗಿರಲಾರರು. ಕಷ್ಟಪಟ್ಟು, ಬಣ್ಣ ಹೊಂದಿಸಿ, ಅಂಚು ಒಳಮಡಚಿ, ಸಣ್ಣ ಸಣ್ಣ ಹೊಲಿಗೆಯಲ್ಲಿ ತೇಪೆ ಹಾಕಿದವರಿಗೆ ಅದು ಮೇಲುಮೇಲಿನ ಕೆಲಸ ಎಂದು ಹೇಳುವ ಧೈರ್ಯ ಬರುವುದಿಲ್ಲ.

ತೇಪೆಯ ಬಗೆಗಿನ ನಮ್ಮ ನಾಚಿಕೆಯನ್ನು ನೋಡಿ. ಮಗನ ಶಾಲೆಯ ಚಡ್ಡಿಗೆ ತೇಪೆ ಹಾಕಿ ಕಳಿಸಲು ತಾಯಿ ಹಿಂಜರಿಯುತ್ತಾಳೆ. ಅದೇ ಮಗ ಕಾಲೇಜಿಗೆ ಬಂದ ಮೇಲೆ ಮಂಡಿಯ ಹತ್ತಿರ ಹರಿದೇ ಮಾರಾಟವಾಗುವ ಜೀನ್ಸಿಗೆ ಸಾವಿರಾರು ರೂಪಾಯಿ ತೆರುತ್ತಾನೆ. ಬಡವನ ಹರುಕು ಅವಮಾನ, ಅಂಗಡಿಯ ಹರುಕು ಫ್ಯಾಷನ್! ನಮ್ಮ ಕೌದಿ ವಿದೇಶದ ಗ್ಯಾಲರಿಯಲ್ಲಿ ಗೋಡೆಗೆ ನೇತುಬಿದ್ದರೆ ಕಲೆ, ನಮ್ಮ ಮನೆಗೆ ನೆಂಟರು ಬಂದಾಗ ಮಾತ್ರ ಅದನ್ನು ಮಡಚಿ ಅಟ್ಟಕ್ಕೆ ಎಸೆಯುತ್ತೇವೆ. ಮಿಂಕ್ ಕಂಬಳಿಯನ್ನು ಹಾಸುತ್ತೇವೆ.

ಅಗ್ಗದ ಸಿದ್ಧ ಉಡುಪಿನ ಬಗ್ಗೆಯೂ ಒಂದು ಮಾತು ಹೇಳಬೇಕು. ‘ಇನ್ನೂರು ರೂಪಾಯಿಗೆ ಹೊಸ ಅಂಗಿ ಸಿಗುವಾಗ ಯಾರು ಕೂತು ಹೊಲಿಯುತ್ತಾರೆ?’ ಎಂದು ಕೇಳುವವರು ಆ ಅಂಗಿ ಆಕಾಶದಿಂದ ಉದುರಿತು ಎಂದುಕೊಂಡಂತಿದೆ. ಎಷ್ಟೇ ದೊಡ್ಡ ಕಾರ್ಖಾನೆಯಾದರೂ ಯಂತ್ರದ ಸೂಜಿಯ ಕೆಳಗೆ ಬಟ್ಟೆಯನ್ನು ತಿರುಗಿಸಿ ತಳ್ಳುವುದು ಇವತ್ತಿಗೂ ಮನುಷ್ಯರ ಕೈಗಳೇ, ಹೆಚ್ಚಾಗಿ ಹೆಂಗಸರ ಕೈಗಳು. 2013ರ ಏಪ್ರಿಲ್ 24ರಂದು ಢಾಕಾದ ಬಳಿ ರಾಣಾ ಪ್ಲಾಜಾ ಕಟ್ಟಡ ಕುಸಿದಾಗ ಸತ್ತ 1,100ಕ್ಕೂ ಹೆಚ್ಚು ಜನರಲ್ಲಿ ಬಹುಪಾಲು ಅಂಥ ಕೈಗಳವರು. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ ಹೆಂಗಸರು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗಿಳಿದದ್ದು ನಮಗೆ ನೆನಪಿದೆ. ಭವಿಷ್ಯನಿಧಿಯ ಹಣವನ್ನು 58 ವರ್ಷದವರೆಗೆ ಪೂರ್ತಿ ತೆಗೆಯುವಂತಿಲ್ಲ ಎಂಬ ನಿಯಮ ಬಂದಿತ್ತು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಅದನ್ನು ಹಿಂತೆಗೆದುಕೊಂಡಿತು. ಇನ್ನೂರು ರೂಪಾಯಿಯ ಅಂಗಿಯನ್ನು ಮೂರು ತಿಂಗಳಿಗೆ ಎಸೆಯುವುದೆಂದರೆ ಈ ಕೈಗಳ ಕೆಲಸವನ್ನು ಎಸೆಯುವುದು. ಹೊಲಿದು ಬಳಸಿದರೆ ಅವರ ಹೊಟ್ಟೆ ತುಂಬುತ್ತದೆ ಎಂದು ನಾವು ಹೇಳುವುದಿಲ್ಲ, ಅದಕ್ಕೆ ಕೂಲಿಯ ಹೋರಾಟವೇ ಬೇಕು. ಆದರೆ ಒಮ್ಮೆ ಕಾಜಾ ಕಟ್ಟಿ ನೋಡಿದವರಿಗೆ ಒಂದು ಅಂಗಿಯ ಬೆಲೆ ಎಷ್ಟಿರಬೇಕು ಎಂಬ ಅಂದಾಜು ಬರುತ್ತದೆ.

ಇಲ್ಲಿಯವರೆಗೆ ಓದಿದ ಕೆಲವರು ತಲೆದೂಗುತ್ತಿರಬಹುದು. ‘ಸರಿಯಾಗಿ ಹೇಳಿದಿರಿ, ಈಗಿನ ಹುಡುಗಿಯರಿಗೆ ಒಂದು ಗುಂಡಿ ಹಾಕಲೂ ಬರುವುದಿಲ್ಲ’ ಎನ್ನುತ್ತಿರಬಹುದು. ಅವರ ತಲೆದೂಗುವಿಕೆ ನಮಗೆ ಬೇಡ. ನಮ್ಮ ಜಗಳ ಶುರುವಾಗುವುದೇ ಅಲ್ಲಿ. ಹುಡುಗಿಯರಿಗೆ ಬರುವುದಿಲ್ಲ ಎಂಬುದು ದೂರು, ಹುಡುಗರಿಗೆ ಬರುವುದಿಲ್ಲ ಎಂಬುದು ದೂರೇ ಅಲ್ಲ!

ನಮ್ಮ ಮನೆಯ ಕತೆಯನ್ನೇ ಹೇಳುತ್ತೇವೆ, ಬೇರೆಯವರ ಮನೆಯದು ಯಾಕೆ? ನಮ್ಮ ಆಪಾ ಉರ್ದು ಶಾಲೆಯಲ್ಲಿ ಏಳನೆಯ ತರಗತಿ ಮುಗಿಸಿದಾಗ ಅವಳ ಗಣಿತದ ಪುಸ್ತಕದಿಂದಲೇ ನಾವು ಲೆಕ್ಕ ಕಲಿಯುತ್ತಿದ್ದೆವು. ಮುಂದೆ ಓದಬೇಕಾದರೆ ಕನ್ನಡ ಮಾಧ್ಯಮದ ಹೈಸ್ಕೂಲು, ಅದೂ ಬಸ್‌ಸ್ಟ್ಯಾಂಡಿನ ಆಚೆ. ‘ಸಾಕು’ ಎಂದರು ಅಬ್ಬಾ. ಮರುವಾರ ಮನೆಗೆ ಒಂದು ಹಳೆಯ ಉಷಾ ಯಂತ್ರ ಬಂತು. ನಾವು ಗಂಡುಮಕ್ಕಳು ಬಸ್‌ಸ್ಟ್ಯಾಂಡ್ ದಾಟಿ ಕನ್ನಡ ಹೈಸ್ಕೂಲಿಗೆ ಹೋದೆವು. ನಾವು ತೊಟ್ಟ ಯೂನಿಫಾರಮ್ಮನ್ನು ಆಪಾ ಹೊಲಿದಳು. ಓಣಿಯವರ ರವಿಕೆ, ಸೀರೆಯ ಫಾಲು, ಲುಂಗಿಯ ಅಂಚು ಎಲ್ಲ ಅವಳ ಪಾಲಿಗೆ ಬಂದವು. ಫಾಲೊಂದಕ್ಕೆ ಐದು ರೂಪಾಯಿ. ಆ ಐದೈದು ರೂಪಾಯಿಗಳಲ್ಲಿ ನಮ್ಮ ಪರೀಕ್ಷೆಯ ಶುಲ್ಕ ಕಟ್ಟಲಾಯಿತು. ರಂಜಾನಿನಲ್ಲಿ ಒಂದೇ ಥಾನಿನಿಂದ ಓಣಿಯ ಮಕ್ಕಳಿಗೆಲ್ಲ ಈದಿನ ಬಟ್ಟೆ ಕತ್ತರಿಸುತ್ತಿದ್ದಳು. ಚಾಂದ್ ರಾತಿನಲ್ಲಿ ಸಹರಿಯ ಹೊತ್ತಿನವರೆಗೂ ಯಂತ್ರದ ಸದ್ದು. ಈದ್‌ಗಾಕ್ಕೆ ನಾವೆಲ್ಲ ಹೊಸ ಬಟ್ಟೆಯಲ್ಲಿ ಹೊರಟಾಗ ಅವಳು ತನ್ನ ದುಪಟ್ಟಾಕ್ಕೆ ಅಂಚು ಕಟ್ಟುತ್ತಾ ಕುಳಿತಿರುತ್ತಿದ್ದಳು.

ನಾವು ಮುಂದೆ ಕತೆಗಾರರಾದೆವು. ಹೊಲಿಗೆ ಯಂತ್ರದ ಸದ್ದನ್ನು ಜೋಗುಳಕ್ಕೆ ಹೋಲಿಸಿ ಬರೆದೆವು. ಓದಿದವರು ಕಣ್ಣು ಒರೆಸಿಕೊಂಡರು. ಇಸ್ಮತ್ ಚುಗ್ತಾಯಿಯವರ ‘ಚೌಥಿ ಕಾ ಜೋಡಾ’ ಕತೆಯನ್ನು ಉರ್ದುವಿನಲ್ಲಿ ಓದಿದ್ದರೂ ನಮಗೆ ಬುದ್ಧಿ ಬಂದಿರಲಿಲ್ಲ. ಎಂಥ ಸಣ್ಣ ತುಂಡಿನಲ್ಲೂ ಅಂಗಿ ತೆಗೆಯಬಲ್ಲ ಆ ತಾಯಿ, ಮಗಳ ಮದುವೆಯ ಜೋಡಿಗಾಗಿ ವರ್ಷಗಟ್ಟಲೆ ಬಟ್ಟೆ ಕತ್ತರಿಸುತ್ತಾ ಬಂದು, ಕೊನೆಗೆ ಕ್ಷಯದಿಂದ ಸತ್ತ ಅದೇ ಮಗಳ ಕಫನಿನ ಬಟ್ಟೆಯನ್ನು ಹಾಸಿ ಕೂರುತ್ತಾಳೆ. ಚುಗ್ತಾಯಿಯವರು ಕತ್ತರಿಯ ಸದ್ದನ್ನು ಜೋಗುಳ ಎನ್ನಲಿಲ್ಲ. ಕೈಯಲ್ಲಿ ಅಷ್ಟು ವಿದ್ಯೆಯಿದ್ದೂ ಆ ಮನೆಯ ಹೆಂಗಸರಿಗೆ ಮದುವೆಯೊಂದನ್ನು ಬಿಟ್ಟು ಬೇರೆ ದಾರಿಯೇ ಇಲ್ಲದಂತೆ ಮಾಡಿದವರು ಯಾರು ಎಂದು ಕೇಳಿದರು.

ಬಹಳ ವರ್ಷಗಳ ನಂತರ ಒಂದು ದಿನ ಆಪಾಳನ್ನು ಕೇಳಿದೆವು. ‘ಆಪಾ, ಆಗ ಯಂತ್ರ ತಂದಿಟ್ಟಾಗ ನಿನಗೆ ಸಿಟ್ಟು ಬರಲಿಲ್ಲವಾ?’ ಅವಳು ಸೂಜಿಯ ದಾರವನ್ನು ಹಲ್ಲಿನಲ್ಲಿ ಕಡಿದು ಹೇಳಿದಳು: ‘ಹೊಲಿಯೋದು ನಂಗೆ ಇಷ್ಟಾನೇ ಕಣೋ. ಹೈಸ್ಕೂಲಿಗೆ ಕಳಿಸಿದ್ರೂ ನಾನು ಹೊಲೀತಿದ್ದೆ. ಅದನ್ನ ಯಾರೂ ಕೇಳ್ಲಿಲ್ಲ.’

ಈ ಲೇಖನದಲ್ಲಿ ನಾವು ಹೇಳಬೇಕೆಂದಿರುವುದೆಲ್ಲ ಆ ಮೂರು ಮಾತಿನಲ್ಲಿದೆ. ಹೊಲಿಗೆಯ ಸುಖಕ್ಕೂ ಓದಿಗೂ ವೈರವಿರಲಿಲ್ಲ. ವೈರ ಹಚ್ಚಿದವರು ನಾವು. ಅವಳ ಇಷ್ಟವನ್ನು ಅವಳ ವಿರುದ್ಧವೇ ಸಾಕ್ಷಿಯಾಗಿ ನಿಲ್ಲಿಸಿದೆವು. ‘ಅವಳಿಗೆ ಹೊಲಿಗೆ ಎಂದರೆ ಪ್ರಾಣ’ ಎನ್ನುತ್ತಾ ಅವಳ ಪುಸ್ತಕಗಳನ್ನು ರದ್ದಿಗೆ ಹಾಕಿದೆವು.

ಇದು ಒಂದು ಮನೆಯ ಕತೆಯಲ್ಲ. 2006ರ ಸಾಚಾರ್ ಸಮಿತಿಯ ವರದಿಯನ್ನು ನಾವೆಲ್ಲ ಭಾಷಣಗಳಲ್ಲಿ ಎತ್ತಿ ತೋರಿಸುತ್ತೇವೆ. ಅದೇ ವರದಿ ದುಡಿಯುವ ಮುಸ್ಲಿಂ ಹೆಂಗಸರಲ್ಲಿ ಶೇಕಡಾ 70ರಷ್ಟು ಮಂದಿ ತಮ್ಮ ಮನೆಯೊಳಗೇ ದುಡಿಯುತ್ತಾರೆ ಎಂದೂ ಹೇಳಿದೆ. ಎಲ್ಲ ದುಡಿಯುವ ಹೆಂಗಸರನ್ನು ಲೆಕ್ಕಕ್ಕೆ ಹಿಡಿದರೆ ಆ ಪ್ರಮಾಣ ಶೇಕಡಾ 51. ಬೀಡಿ, ಅಗರಬತ್ತಿ, ಜರಿ ಕೆಲಸ, ಹೊಲಿಗೆ, ಸೀರೆಯ ಕುಚ್ಚು. ಅಂಗಡಿಯವನು ಮಧ್ಯವರ್ತಿಗೆ ಕೊಡುತ್ತಾನೆ, ಮಧ್ಯವರ್ತಿ ಓಣಿಗೆ ತರುತ್ತಾನೆ, ದಾರವೂ ಇವಳದೇ, ಕರೆಂಟೂ ಇವಳದೇ, ಕಣ್ಣೂ ಇವಳದೇ. ತುಂಡಿನ ಲೆಕ್ಕದಲ್ಲಿ ಕೈಗೆ ಬಂದದ್ದು ಕೂಲಿ. ಅವಳು ಕಾರ್ಮಿಕಳಲ್ಲವಂತೆ, ‘ಮನೆಯಲ್ಲಿ ಸುಮ್ಮನೆ ಕೂರುವ ಬದಲು’ ಏನೋ ಮಾಡುವವಳಂತೆ. ಮನೆಯಲ್ಲಿ ದುಡಿಯುವವರಿಗೂ ಉಳಿದ ಕಾರ್ಮಿಕರ ಹಕ್ಕುಗಳೇ ಇರಬೇಕೆಂದು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1996ರಲ್ಲಿ 177ನೆಯ ಒಡಂಬಡಿಕೆ ಮಾಡಿತು. ಭಾರತ ಅದನ್ನು ಇಂದಿಗೂ ಅನುಮೋದಿಸಿಲ್ಲ. ಯಂತ್ರ ಹಂಚುವ ನಾಯಕರು ಇದರ ಬಗ್ಗೆ ಮಾತನಾಡಿದ್ದನ್ನು ನಾವು ಕೇಳಿಲ್ಲ. ಯಂತ್ರ ಒಮ್ಮೆ ಕೊಟ್ಟರೆ ಮುಗಿಯಿತು, ಕೂಲಿಯ ಮಾತು ಮುಗಿಯುವಂಥದ್ದಲ್ಲ.

ಗಾಂಧೀಜಿ ಯಂತ್ರಗಳನ್ನು ಅಷ್ಟಾಗಿ ಒಪ್ಪಿದವರಲ್ಲ ಎಂಬುದು ಎಲ್ಲರಿಗೂ ಗೊತ್ತು. ಆದರೆ 1924ರಲ್ಲಿ ಒಂದು ಸಂವಾದದಲ್ಲಿ ಅವರು ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟರು. ಹೆಂಡತಿ ಕೈಯಲ್ಲಿ ಹೊಲಿದು ಹೊಲಿದು ದಣಿಯುವುದನ್ನು ನೋಡಲಾರದೆ, ಅವಳ ಮೇಲಿನ ಪ್ರೀತಿಯಿಂದ ಸಿಂಗರ್ ಆ ಯಂತ್ರ ಕಂಡುಹಿಡಿದ ಎಂಬುದು ಅವರು ಕೊಟ್ಟ ಕಾರಣ. 1851ರಲ್ಲಿ ಪೇಟೆಂಟ್ ಪಡೆದ ಅಮೆರಿಕದ ಆ ಸಿಂಗರ್ ನಿಜದಲ್ಲಿ ಲಾಭದ ಲೆಕ್ಕ ಬಲ್ಲ ವ್ಯಾಪಾರಿ. ಚರಿತ್ರೆಯಾಗಿ ನೋಡಿದರೆ ಈ ಕತೆ ನಿಲ್ಲಲಾರದು. ಆದರೂ ಗಾಂಧೀಜಿ ಹಿಡಿದ ಅಳತೆಗೋಲು ಸರಿಯಾದದ್ದೇ: ಯಂತ್ರ ಪ್ರೀತಿಪಾತ್ರರ ದಣಿವನ್ನು ಕಡಿಮೆ ಮಾಡಬೇಕು. ನಮ್ಮ ಮನೆಗಳಿಗೆ ಬಂದ ಯಂತ್ರ ಯಾರ ದಣಿವನ್ನು ಕಡಿಮೆ ಮಾಡಿತು? ಮೊದಲು ಮನೆಯವರ ಬಟ್ಟೆಯನ್ನು ಮಾತ್ರ ಕೈಯಲ್ಲಿ ಹೊಲಿಯುತ್ತಿದ್ದವಳು ಯಂತ್ರ ಬಂದ ಮೇಲೆ ಓಣಿಯ ಬಟ್ಟೆಯನ್ನೆಲ್ಲ ಹೊಲಿಯತೊಡಗಿದಳು. ಅಡುಗೆ, ಪಾತ್ರೆ, ಒಗೆತ ಯಾವುದೂ ಅವಳ ಮೈಮೇಲಿಂದ ಇಳಿಯಲಿಲ್ಲ.

ಧರ್ಮದ ಹೆಸರಿನಲ್ಲಿ ಸೂಜಿಯನ್ನು ಹೆಣ್ಣಿನ ಪಾಲಿಗೆ ಬರೆಯುವವರಿಗೆ ಒಂದು ಮಾತು ನೆನಪಿಸಬೇಕಾಗಿದೆ. ಪ್ರವಾದಿಯವರು ಮನೆಯಲ್ಲಿದ್ದಾಗ ಏನು ಮಾಡುತ್ತಿದ್ದರು ಎಂದು ಕೇಳಿದವರಿಗೆ ಹಜ್ರತ್ ಆಯಿಷಾ ಅವರು ಕೊಟ್ಟ ಉತ್ತರ ಹದೀಸ್ ಗ್ರಂಥಗಳಲ್ಲಿದೆ. ಅವರು ತಮ್ಮ ಬಟ್ಟೆಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರು, ತಮ್ಮ ಪಾದರಕ್ಷೆಯನ್ನು ತಾವೇ ದುರಸ್ತಿ ಮಾಡಿಕೊಳ್ಳುತ್ತಿದ್ದರು. ಗಡ್ಡದ ಅಳತೆ, ಪೈಜಾಮದ ಅಳತೆಗಳ ಬಗ್ಗೆ ಗಂಟೆಗಟ್ಟಲೆ ಚರ್ಚಿಸುವ ನಮ್ಮ ಗಂಡಸರಲ್ಲಿ ಈ ಸುನ್ನತ್ತನ್ನು ಪಾಲಿಸುವವರು ಎಷ್ಟು ಜನ? ಪೈಜಾಮವನ್ನು ಕಾಲಗಂಟಿನ ಮೇಲಕ್ಕೆ ಎತ್ತಿ ಹೊಲಿದುಕೊಡು ಎಂದು ಹೆಂಡತಿಯ ಮುಂದೆ ಎಸೆಯುವುದು ಸುನ್ನತ್ತಲ್ಲ.

ಶಾಲೆಗಳದ್ದೂ ಇದೇ ಹಣೆಬರಹ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿಯ ಶಿಕ್ಷಣದ ಯೋಜನೆಗೆ ರೂಪ ಕೊಡಲು ನೇಮಕವಾದ ಸಮಿತಿಗೆ ಡಾ. ಜಾಕಿರ್ ಹುಸೇನ್ ಅಧ್ಯಕ್ಷರಾಗಿದ್ದರು. ಕೈಕಸುಬು ಎಲ್ಲ ಮಕ್ಕಳ ಕಲಿಕೆಯ ನಡುವೆ ಇರಬೇಕು ಎಂಬುದು ಅದರ ಸಾರ. ನಾವು ಓದಿದ ಕಾಲಕ್ಕೆ ಅದು ವಾರಕ್ಕೊಂದು ಕ್ರಾಫ್ಟ್ ಪೀರಿಯಡ್ಡಾಗಿ ಸೊರಗಿತ್ತು. ಆ ಪೀರಿಯಡ್ಡಿನಲ್ಲಿ ಹುಡುಗಿಯರು ಕರವಸ್ತ್ರಕ್ಕೆ ಕಸೂತಿ ಹಾಕುತ್ತಿದ್ದರು, ನಾವು ಹುಡುಗರು ಮೈದಾನದಲ್ಲಿ ಚೆಂಡಿನ ಹಿಂದೆ ಓಡುತ್ತಿದ್ದೆವು. ಹುಡುಗರು ಕಳೆದುಕೊಂಡದ್ದು ಏನೆಂದು ಯಾರೂ ಲೆಕ್ಕ ಹಾಕಲಿಲ್ಲ. ಪ್ರೀತಿಸುವವರಿಗೆ ನಮ್ಮ ಕೈಯಾರೆ ಏನನ್ನಾದರೂ ಮಾಡಿಕೊಡುವ ಒಂದು ಸುಖವೇ ನಮ್ಮ ಪಾಲಿಗೆ ಇಲ್ಲವಾಯಿತು. ನಮಗೆ ಕೊಂಡುಕೊಡುವುದು ಮಾತ್ರ ಗೊತ್ತು.

ನಾವು ಸೂಜಿ ಹಿಡಿದದ್ದು ನಲವತ್ತು ದಾಟಿದ ಮೇಲೆ. ಕಲಿಸಿದವಳು ಆಪಾ. ಮೊದಲು ಹಾಕಿದ್ದು ಮಗನ ಶಾಲೆಯ ಚೀಲದ ಪಟ್ಟಿ. ಬಖಿಯಾ ಹೊಲಿಗೆ ಸೊಟ್ಟಗಿತ್ತು, ಬೆರಳಿಗೆ ಮೂರು ಕಡೆ ಚುಚ್ಚಿತು. ಅಂಗುಸ್ತಾನ ಹಾಕಿಕೊಳ್ಳದೆ ಕೂತದ್ದಕ್ಕೆ ಬೈಸಿಕೊಂಡೆವು. ಆದರೆ ಆ ಚೀಲವನ್ನು ಹೆಗಲಿಗೇರಿಸಿ ಮಗ ಹೊರಟಾಗ ನಮಗಾದ ಖುಷಿ ನಮ್ಮ ಯಾವ ಕತೆ ಅಚ್ಚಾದಾಗಲೂ ಆಗಿರಲಿಲ್ಲ. ಆಗ ಅನ್ನಿಸಿತು: ಇಷ್ಟು ಒಳ್ಳೆಯದನ್ನು ನಾವು ಇಷ್ಟು ದಿನ ಹೆಂಗಸರಿಗೆ ಶಿಕ್ಷೆಯಾಗಿ ಕೊಟ್ಟಿದ್ದೇವಲ್ಲ!

ಆದ್ದರಿಂದ ನಮ್ಮ ಮಾತು ಇಷ್ಟೇ. ಪ್ರೀತಿಗಾಗಿ ಹೊಲಿಯುವುದು ಪ್ರೀತಿಯಾಗಿಯೇ ಇರಲಿ. ಅದನ್ನು ಗಂಡಸರೂ ಮಾಡಲಿ, ಮಕ್ಕಳಿಬ್ಬರಿಗೂ ಕಲಿಸೋಣ. ಹೊಟ್ಟೆಗಾಗಿ ಹೊಲಿಯುವುದು ಕೆಲಸ. ಅದಕ್ಕೆ ಕೂಲಿ, ರಜೆ, ಪಿಂಚಣಿ ಎಲ್ಲವೂ ಸಿಗಲಿ. ಮೊದಲನೆಯದರ ಹೆಸರು ಹೇಳಿ ಎರಡನೆಯದರ ಕೂಲಿಯನ್ನು ತಿನ್ನುವುದು ಕಳ್ಳತನ. ಮತ್ತು ಇವೆರಡರಲ್ಲಿ ಯಾವುದೂ ಒಬ್ಬ ಹುಡುಗಿಯ ಹೈಸ್ಕೂಲಿಗೆ ಬದಲಿಯಾಗಲಾರದು.

ಮುಂದಿನ ಸಲ ಯಂತ್ರ ಹಂಚುವ ಸಮಾರಂಭಕ್ಕೆ ನಮ್ಮನ್ನು ಕರೆದರೆ ಹೋಗುತ್ತೇವೆ. ಮೊದಲ ಸಾಲಿನಲ್ಲೇ ಕೂರುತ್ತೇವೆ. ಹದಿನಾರು ಹದಿನೇಳರ ಹುಡುಗಿಯ ಹೆಸರು ಕರೆದ ಕೂಡಲೇ ಎದ್ದು ಕೇಳುತ್ತೇವೆ: ‘ಈ ಮಗು ಹತ್ತನೆಯ ತರಗತಿ ಮುಗಿಸಿದ್ದಾಳೆಯೇ?’ ಇಲ್ಲವೆಂದರೆ ಯಂತ್ರ ಅಲ್ಲೇ ಇರಲಿ, ಎಲ್ಲಿಗೂ ಓಡಿಹೋಗುವುದಿಲ್ಲ. ಅವಳು ಮೊದಲು ಬಸ್‌ಸ್ಟ್ಯಾಂಡಿನ ಆಚೆಗೆ ಹೋಗಿ ಬರಲಿ. ಬಂದ ಮೇಲೆ ಇಷ್ಟವಿದ್ದರೆ ಹೊಲಿಯುತ್ತಾಳೆ. ನಮ್ಮ ಆಪಾ ಹೇಳಿದ್ದಾಳಲ್ಲ, ಹೈಸ್ಕೂಲಿಗೆ ಹೋಗಿದ್ದರೂ ಹೊಲಿಯುತ್ತಿದ್ದಳಂತೆ.